ಮೂವರ ಆಳ

ಅಕ್ಟೋಬರ್ 6, 2013, ಭಾನುವಾರ

ಬೆಳಗಿನ ಪ್ರಾರ್ಥನೆಗೆ ಐದು ಜನ. ಪಾದ್ರಿಯನ್ನು ಎಣಿಸುವ ಪದ್ಧತಿ ಇಲ್ಲ. ರಿಜಿಸ್ಟರಿನಲ್ಲಿ ಐದು ಎಂದು ಬರೆದೆ.

ಕೊನೆಯ ಹಾಡು ಮುಗಿದ ಮೇಲೆ ರೆವರೆಂಡ್ ಫಿಲಿಪಾ ಬಿಷಪ್ಪರ ಕಚೇರಿಯಿಂದ ಬಂದ ಪತ್ರ ಓದಿದರು. ಸ್ವೇನ್‌ಬಿಯ ನಮ್ಮ ಚರ್ಚನ್ನು ಮುಂದಿನ ಫೆಬ್ರವರಿ 2ರಂದು, ಮೇಣದಬತ್ತಿ ಹಬ್ಬದ ಭಾನುವಾರ, ಮುಚ್ಚುತ್ತಾರೆ. ನಮ್ಮ ಪ್ಯಾರಿಷ್ಷನ್ನು ಸುತ್ತಲಿನ ಏಳು ಊರುಗಳ ಜೊತೆ ಸೇರಿಸಿ ಒಂದೇ ಮಾಡುತ್ತಾರೆ. ಕಟ್ಟಡವನ್ನು ಕೊಂಡು ಮನೆ ಮಾಡಿಕೊಳ್ಳಲು ಯಾರೋ ಮುಂದೆ ಬಂದಿದ್ದಾರಂತೆ. ಆ ದಿನದ ನಂತರ ಪ್ರಾರ್ಥನೆ ಇಲ್ಲ, ಮದುವೆ ಇಲ್ಲ, ಅಂಗಳದಲ್ಲಿ ಯಾರನ್ನೂ ಮಣ್ಣು ಮಾಡುವ ಹಾಗಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಈ ಚರ್ಚಿನ ಲೆಕ್ಕ, ಬೀಗದ ಕೈ ನೋಡಿಕೊಳ್ಳುವ ವಾರ್ಡನ್. ಪತ್ರ ಓದುವಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಾಡಿನ ಪುಸ್ತಕಗಳನ್ನು ಒಟ್ಟು ಮಾಡಿದೆ.

ಮನೆಗೆ ಬಂದು ನನ್ನ ಗಂಡ ಕ್ಲೆಮ್‌ಗೆ ಹೇಳಿದೆ. ಆಗಸ್ಟಿನಿಂದ ಅವನ ಮಂಚ ಮುಂದಿನ ಕೋಣೆಯಲ್ಲಿದೆ. ಹೃದಯ ಸೋತಿದೆ, ಕಾಲಲ್ಲಿ ನೀರು ತುಂಬಿದೆ. ಕ್ರಿಸ್‌ಮಸ್ ನೋಡಿದರೆ ಅದೇ ಹೆಚ್ಚು ಎಂದು ಡಾಕ್ಟರ್ ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದ್ದರು. ಕ್ಲೆಮ್‌ಗೂ ಅದು ಕೇಳಿಸಿತ್ತು.

"ಯಾವ ತಾರೀಕು ಅಂದೆ?"

"ಫೆಬ್ರವರಿ ಎರಡು."

"ಹಾಗಾದ್ರೆ ನಾನು ತಡ ಮಾಡೋ ಹಾಗಿಲ್ಲ ಕಣೆ ಥೆಲ್."

"ಸೂಪು ಕುಡಿ" ಎಂದೆ. ಅರ್ಧ ಬಟ್ಟಲು ಕುಡಿದ. ಉಳಿದದ್ದನ್ನು ಬಿಸಿ ಮಾಡಿ, ಚಮಚದಲ್ಲಿ ಹಾಕಿ ಹಾಕಿ, ಒಂದು ಗಂಟೆಯಲ್ಲಿ ಮುಗಿಸಿದೆ.

ನಮ್ಮ ಮಗಳು ಬ್ರಿಜೆಟ್ ಆ ಚರ್ಚಿನ ಅಂಗಳದಲ್ಲಿದ್ದಾಳೆ. 1976ರ ಜುಲೈ. ಆರು ವರ್ಷ, ಮೆದುಳು ಜ್ವರ, ಮೂರು ದಿನ. ಈ ತಗ್ಗಿನ ಸೀಮೆಯಲ್ಲಿ ನಾಲ್ಕಡಿ ತೋಡಿದರೆ ನೀರು ಬರುತ್ತದೆ. ಒಂದರ ಮೇಲೊಂದು ಶವಪೆಟ್ಟಿಗೆ ಇಡುವಷ್ಟು ಆಳ ಯಾರಿಗೂ ಸಿಗುವುದಿಲ್ಲ. ಆ ಬೇಸಗೆ ಮಾತ್ರ ಮಳೆಯೇ ಇರಲಿಲ್ಲ. ಕ್ಲೆಮ್ ಕಾಲುವೆ ಮಂಡಳಿಯಲ್ಲಿ ನೀರಿನ ಮಟ್ಟ ಅಳೆಯುವ ಕೆಲಸದಲ್ಲಿದ್ದ. ಗುಂಡಿ ತೋಡುವ ವಾಲ್ಟ್ ಎಪ್ಟನ್‌ಗೆ ಅವನೇ ಹೋಗಿ ಹೇಳಿದ: ನೀರು ಇಷ್ಟು ಕೆಳಗೆ ಇನ್ನೊಂದು ಸಲ ಹೋಗಲ್ಲ ವಾಲ್ಟ್, ಮೂವರ ಆಳ ತೋಡು. ವಾಲ್ಟ್ ಎರಡು ದಿನ ತೋಡಿದ. ಕೆಳಗೆ ಬ್ರಿಜೆಟ್, ಮೇಲೆ ನಮ್ಮಿಬ್ಬರಿಗೆ ಜಾಗ. ಕಲ್ಲಿನ ಮೇಲೆ ಅವಳ ಹೆಸರಿನ ಕೆಳಗೆ ಎರಡು ಹೆಸರಿಗೆ ಆಗುವಷ್ಟು ಖಾಲಿ ಬಿಡಿಸಿದ್ದೇವೆ. ಮೂವತ್ತೇಳು ವರ್ಷ ಆ ಖಾಲಿ ಜಾಗಕ್ಕೆ ಹತ್ತಿದ ಪಾಚಿಯನ್ನು ನಾನೇ ಉಜ್ಜಿ ತೆಗೆದಿದ್ದೇನೆ.

ಅಕ್ಟೋಬರ್ 9, ಬುಧವಾರ

ಫಿಲಿಪಾ ಚಹಾಕ್ಕೆ ಬಂದರು. ಬ್ರಿಜೆಟ್‌ಳ ಜಾಗ ನಮಗೆ ಕಾದಿಟ್ಟಿದ್ದು ಎನ್ನುವುದಕ್ಕೆ ಬಿಷಪ್ಪರ ನ್ಯಾಯಾಲಯದ ಕಾಗದ ಇದೆಯೇ ಎಂದು ಕೇಳಿದರು. ಇಲ್ಲ. ಅಂದಿನ ಪಾದ್ರಿ 'ಆಗಲಿ' ಎಂದು ತಲೆ ಆಡಿಸಿದ್ದರು, ಅಷ್ಟೇ.

"ತಲೆ ಆಡಿಸಿದ್ದನ್ನ ಫೈಲಿಗೆ ಹಾಕೋಕಾಗಲ್ಲ ಥೆಲ್ಮಾ. ಈಗ ಅರ್ಜಿ ಹಾಕಿದ್ರೆ ಮೇ ತಿಂಗಳಾಗುತ್ತೆ. ಅಷ್ಟರಲ್ಲಿ ಅಂಗಳ ಮುಚ್ಚಿರುತ್ತೆ."

"ಮುಚ್ಚೋಕೆ ಮುಂಚೆ?"

"ಮುಂಚೆ ಆದ್ರೆ ಕಾಗದ ಏನೂ ಬೇಡ. ಊರಿನವರಿಗೆ ಹಕ್ಕಿದೆ. ಮುಂಚೆ..." ಎಂದು ಅಲ್ಲಿಗೇ ನಿಲ್ಲಿಸಿ ಬೆಕ್ಕಿನ ತಲೆ ಸವರಿದರು.

ಬೂದಿಯಾದರೆ ಚಿಕ್ಕ ಜಾಗ ಸಾಕಲ್ಲ ಎಂದು ಮತ್ತೆ ಅವರೇ ಶುರು ಮಾಡಿ, ಅದಕ್ಕೂ ಅನುಮತಿ ಇರುವುದಿಲ್ಲ ಎಂದು ತಾವೇ ನೆನಪಿಸಿಕೊಂಡರು. ಒಳಗಿನಿಂದ ಕ್ಲೆಮ್ ಕೂಗಿದ: "ನಲವತ್ತು ವರ್ಷ ನೀರಲ್ಲಿ ನಿಂತೋನು ನಾನು. ಕೊನೇಲಿ ಬೆಂಕಿಗೆ ಹೋಗಲ್ಲ ಪಾದ್ರಿಯಮ್ಮ."

ಹೊರಡುವಾಗ ಒಂದು ಕೆಲಸ ಒಪ್ಪಿಸಿದರು. ಹೊಸ ದೊಡ್ಡ ಪ್ಯಾರಿಷ್ಷಿಗೆ ಒಂದು ಮಡಿಕೆ ಹಾಳೆ ಬೇಕು: ಸುತ್ತಲಿನ ಹಳೆಯ ಚರ್ಚುಗಳು, ನೋಡತಕ್ಕ ಜಾಗಗಳು, ಬೀಗದ ಕೈ ಯಾರ ಮನೆಯಲ್ಲಿ ಸಿಗುತ್ತದೆ, ಎಲ್ಲ. 1988ರಲ್ಲಿ ಅಂಥದ್ದೊಂದನ್ನು ಕ್ಲೆಮ್ ಬರೆದಿದ್ದ. ಅದನ್ನು ತಿದ್ದಿ ಹೊಸದು ಮಾಡಬೇಕು. ಆಗಲಿ ಎಂದೆ. ಹೇಗೂ ಆ ಊರುಗಳನ್ನು ನೋಡಿ ಬರಬೇಕಾಗಿತ್ತು.

ಅಕ್ಟೋಬರ್ 17, ಗುರುವಾರ

ಕೆಲ್ಬಿ. ಚಾವಣಿಯ ತೊಲೆಗಳಲ್ಲಿ ಮರದ ದೇವದೂತರು. ಹದಿನಾಲ್ಕು, ಒಂದಕ್ಕೆ ಮುಖ ಇಲ್ಲ, ಎಣಿಸ್ಕೊಂಡು ಬಾ ಎಂದಿದ್ದ ಕ್ಲೆಮ್. ಕತ್ತು ನೋಯುವವರೆಗೆ ಎಣಿಸಿದೆ. ಹದಿಮೂರು. ರೆಕ್ಕೆಗಳಲ್ಲಿ ಅಂತರ್ಯುದ್ಧದ ಸೈನಿಕರ ಗುಂಡಿನ ತೂತುಗಳಿವೆ ಎಂದು ಹಳೆಯ ಹಾಳೆ ಹೇಳುತ್ತದೆ. ಹುಳು ಕೊರೆದ ತೂತುಗಳೂ ಇವೆ. ಯಾವುದು ಯಾವುದೆಂದು ಕೆಳಗಿನಿಂದ ಹೇಳಲು ಬರುವುದಿಲ್ಲ.

ಅಂಗಳದಲ್ಲಿ ರೆಗ್ ಎಪ್ಟನ್ ಹುಲ್ಲು ಕತ್ತರಿಸುತ್ತಿದ್ದ. ವಾಲ್ಟ್‌ನ ಮಗ. ಅಪ್ಪನ ನಂತರ ಎಂಟೂ ಊರಿನ ಗುಂಡಿಗಳು ಇವನವೇ.

"ಇಲ್ಲಿ ಮಣ್ಣು ಹೇಗಿದೆ ರೆಗ್?"

"ಹಾಳೆಗೆ ಅದೂ ಬರೀತೀರಾ ಮಿಸೆಸ್ ಓಡ್ಲಿಂಗ್?"

"ನನಗೆ ತಿಳೀಬೇಕು."

ಗಾಡಿಯಿಂದ ಕಬ್ಬಿಣದ ಸರಳು ತಂದು ಖಾಲಿ ಜಾಗದಲ್ಲಿ ಒತ್ತಿದ. ತೋಡಿದ ಮಣ್ಣಿನಲ್ಲಿ ಸರಳು ಸುಮ್ಮನೆ ಇಳಿಯುತ್ತದೆ, ಯಾರೂ ಮುಟ್ಟದ ಮಣ್ಣು ಸಿಕ್ಕಿದಾಗ ಕೈಗೆ ತಿಳಿಯುತ್ತದೆ ಎಂದ. "ಮರಳು. ಬೆಣ್ಣೆ ಕತ್ತರಿಸಿದ ಹಾಗೆ ಹೋಗುತ್ತೆ. ಆದ್ರೆ ಪಕ್ಕದೋನು ಜಾರಿ ನಿಮ್ಮ ಮೇಲೆ ಬಂದು ಮಲಗ್ತಾನೆ. ಬದುಕಿದ್ದಾಗ ಪರಿಚಯ ಇಲ್ದೇ ಇದ್ರೂ."

ಮರಳು ಎಂದು ಬರೆದುಕೊಂಡೆ.

ಒಬ್ಬ ದೇವದೂತ ಕಾಣೆಯಾಗಿದ್ದಾನೆ ಎಂದು ಹೇಳಿದಾಗ ಕ್ಲೆಮ್‌ಗೆ ಸಿಟ್ಟು ಬಂತು. ನಾನೇ ಕದ್ದಿದ್ದೇನೆ ಎನ್ನುವ ಹಾಗೆ ನೋಡಿದ.

ಅಕ್ಟೋಬರ್ 29, ಮಂಗಳವಾರ

ಸ್ಟೋನ್‌ಹಮ್. ಕುಷ್ಠರೋಗಿಗಳು ಹೊರಗೆ ನಿಂತು ರೊಟ್ಟಿಯ ಪ್ರಸಾದ ತೆಗೆದುಕೊಳ್ಳುತ್ತಿದ್ದರೆಂದು ಹೇಳುವ ಗಿಡ್ಡ ಕಿಟಕಿ. ಹಳೆಯ ಹಾಳೆಯಲ್ಲಿ ಉತ್ತರ ಗೋಡೆ ಎಂದಿದೆ, ಇರುವುದು ದಕ್ಷಿಣದಲ್ಲಿ. ಅಂಗಳ ಪೂರ್ತಿ ತುಂಬಿದೆ. ರೆಗ್ ಆರು ಕಡೆ ಚುಚ್ಚಿದ. ಆರೂ ಕಡೆ ಸರಳು ಸುಮ್ಮನೆ ಇಳಿಯಿತು. "ಎಲ್ಲ ಕಡೆ ಯಾರೋ ಮನೆಯಲ್ಲಿದ್ದಾರೆ" ಎಂದ.

ಕಿಟಕಿಯ ತಪ್ಪನ್ನು ಕ್ಲೆಮ್ ಒಪ್ಪಲಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂದು ಕೇಳಿದ. ಕಣ್ಣು ಮುಚ್ಚಿ ಯೋಚಿಸಿದ. ಆಮೇಲೆ ದಕ್ಷಿಣ ಎಂದು ಅವನೇ ಹೇಳಿದ. ಈ ಹಾಳೆಯ ಕೆಲಸ ಶುರುವಾದಾಗಿನಿಂದ ದಿಂಬಿಗೆ ಒರಗಿ ಕೂರುತ್ತಾನೆ. ಕನ್ನಡಕ ಕೇಳುತ್ತಾನೆ. ಒಣದ್ರಾಕ್ಷಿ ಬ್ರೆಡ್ಡು ಎರಡು ತುಂಡು ತಿಂದ.

ನವೆಂಬರ್ 12, ಮಂಗಳವಾರ

ಆಲ್ಡರ್ ಮಾರ್ಶ್. ಕಮಾನಿನ ಮೇಲೆ ಕೊನೆಯ ತೀರ್ಪಿನ ಚಿತ್ರ. ಸುಣ್ಣದ ಕೆಳಗೆ ಮುನ್ನೂರು ವರ್ಷ ಮುಚ್ಚಿಹೋಗಿತ್ತು. ಎಡಕ್ಕೆ ಏಣಿ ಹತ್ತುವವರು, ಬಲಕ್ಕೆ ಬಾಯಿ ತೆರೆದ ಮೀನು. ಬೀಗದ ಕೈ ಪಕ್ಕದ ಹಂದಿ ಸಾಕುವವರ ಮನೆಯಲ್ಲಿ. ಮಣ್ಣು ಕಪ್ಪು ಕೆಸರು, ಮೂರಡಿಗೆ ನೀರು. ಹೋದ ವರ್ಷ ಒಂದು ಪೆಟ್ಟಿಗೆ ತೇಲಿತ್ತು, ಮೇಲೆ ಇಬ್ಬರು ನಿಂತು ಮುಳುಗಿಸಿದೆವು ಎಂದ ರೆಗ್. ಸತ್ತವನ ಮನೆಯವರು ಹಾಡು ಹಾಡುತ್ತಿದ್ದರಂತೆ.

ಕ್ಲೆಮ್‌ಗೆ ಪೆಟ್ಟಿಗೆಯ ಕಥೆ ಹೇಳಲಿಲ್ಲ, ಚಿತ್ರದ ಬಗ್ಗೆ ಹೇಳಿದೆ.

"ಆ ಬಲಗಡೆ ದೆವ್ವ ಇದೆಯಲ್ಲ, ಕೊಕ್ಕೆ ಹಿಡ್ಕೊಂಡಿರೋದು. ನಮ್ಮ ಮಂಡಳಿ ಅಧ್ಯಕ್ಷನ ಮುಖಾನೇ. ಏಪ್ರಿಲ್‌ನಲ್ಲಿ ನನ್ನ ಕರ್ಕೊಂಡು ಹೋಗೆ. ಗಾಲಿ ಕುರ್ಚಿ ಆ ಬಾಗಿಲಲ್ಲಿ ಹಿಡಿಸುತ್ತೆ."

ಏಪ್ರಿಲ್ ಎಂದ.

ನವೆಂಬರ್ 30, ಶನಿವಾರ

ಎರಡು ಮೊಟ್ಟೆ ತಿಂದ. ಕಾಲಿನ ಊತ ಇಳಿದಿದೆ. ಹೊಸ ಮಾತ್ರೆ ಹಿಡಿದಿದೆ, ಹೀಗೇ ಹೋದರೆ ಈಸ್ಟರ್ ಕೂಡ ನೋಡಬಹುದು ಎಂದರು ಡಾಕ್ಟರ್. ಈಸ್ಟರ್ ಏಪ್ರಿಲ್ 20.

ಡಿಸೆಂಬರ್ 6, ಶುಕ್ರವಾರ

ನಿನ್ನೆ ಸಮುದ್ರ ಉಕ್ಕಿತು. ಅರವತ್ತು ವರ್ಷದಲ್ಲಿ ಇಷ್ಟು ಬಂದಿರಲಿಲ್ಲವಂತೆ. ನಮ್ಮ ಕಡೆ ಕಾಲುವೆಯ ಬಾಗಿಲುಗಳು ತಡೆದವು, ಅಂಗಳದ ಗೋಡೆಗೆ ನೂರು ಗಜ ದೂರದಲ್ಲಿ ನೀರು ನಿಂತಿತು.

ಮಂಡಳಿಯ ಹುಡುಗರು ಕ್ಲೆಮ್‌ಗೆ ಫೋನ್ ಮಾಡಿ ಕೇಳಿದರು. ಹಳೆಯ ಮೂರನೇ ಬಾಗಿಲಿನ ಚಕ್ರ ಯಾವ ಕಡೆ ತಿರುಗುತ್ತದೆ ಎಂದು ಈಗ ಅವರಲ್ಲಿ ಯಾರಿಗೂ ಗೊತ್ತಿಲ್ಲ. "ಎಡಕ್ಕೆ ಕಣಯ್ಯಾ, ಎಡಕ್ಕೆ. ಗಡಿಯಾರಕ್ಕೆ ಉಲ್ಟಾ. ಅದನ್ನ ಹಾಕಿದೋನು ಎಡಗೈಯವನು." ಮಧ್ಯಾಹ್ನದವರೆಗೆ ಫೋನ್ ಕೈಯಲ್ಲೇ ಇತ್ತು. ಕೆನ್ನೆ ಕೆಂಪಾಗಿತ್ತು. ಹಸಿವು ಎಂದ. ಹಂದಿ ಮಾಂಸ, ಆಲೂಗಡ್ಡೆ, ಎರಡನೇ ಸಲವೂ ಹಾಕಿಸಿಕೊಂಡ.

ಇಪ್ಪತ್ತು ವರ್ಷದ ಹಿಂದಿನ ಮನುಷ್ಯನ ಹಾಗೆ ಕಂಡ. ಪಾತ್ರೆ ತೊಳೆದೆ.

ಡಿಸೆಂಬರ್ 16, ಸೋಮವಾರ

ಹಾಳೆಯ ಮೊದಲ ಪ್ರತಿ ಫಿಲಿಪಾಗೆ ಕೊಟ್ಟಿದ್ದೆ. ಇವತ್ತು ತಂದರು. ಓದುವ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಥೆಲ್ಮಾ, ಲಿಟಲ್ ಟಾಫ್ಟ್‌ನಲ್ಲಿ ಸನ್ಯಾಸಿಗಳ ಮಠದ ಗೋಡೆ ಇದೆ. ಎಂಟುನೂರು ವರ್ಷದ್ದು. ಅದಕ್ಕೆ ಒಂದು ಸಾಲು. ಆಮೇಲೆ ನೋಡಿ: 'ಪಶ್ಚಿಮದ ಬೇಲಿಯ ಹತ್ತಿರ ನೆಲ ಎತ್ತರ, ಜಲ್ಲಿ ಮಣ್ಣು, ಐದಡಿಯವರೆಗೆ ಒಣಗಿರುತ್ತದೆ.' ಇದನ್ನ ಓದಿ ಯಾರು ನೋಡೋಕೆ ಬರ್ತಾರೆ?"

ಓದಿ ನೋಡಿದೆ. ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ತೆಗೆಯುತ್ತೇನೆ ಎಂದೆ.

ಅವರು ಹೋದ ಮೇಲೆ ಕ್ಲೆಮ್ ಕೈ ಸನ್ನೆ ಮಾಡಿ ಕರೆದ. ಎಲ್ಲ ಕೇಳಿಸಿಕೊಂಡಿದ್ದ.

"ನನಗೋಸ್ಕರ ಊರೂರು ಅಲೀಬೇಡ ಮಾರಾಯ್ತಿ. ಎಲ್ಲಿ ಬೇಕಾದ್ರೂ ಹಾಕು. ಕೆಲ್ಬಿ ಮರಳಲ್ಲಿ ಹಾಕು. ಆ ಗುಂಡು ಬಿದ್ದ ದೇವದೂತನ ಪಕ್ಕ."

"ಬ್ರಿಜೆಟ್ ಹತ್ರ ಇರಬೇಕು ಅಂತಿದ್ದೆಯಲ್ಲ."

"ಅಂತಿದ್ದೆ. ಆಗ ಸಾಯೋಕೆ ಹೊರಟಿದ್ದೆ. ಈಗ ಆ ಚಿತ್ರ ನೋಡಬೇಕು. ಮೂರನೇ ಬಾಗಿಲಿಗೆ ಎಣ್ಣೆ ಹಾಕಿದ್ದಾರಾ ನೋಡಬೇಕು. ಅವಳಿಗೆ ನಾನು ಬರೋದು ಗೊತ್ತಾಗುತ್ತಾ ಥೆಲ್? ಅವಳು ಮಗು."

ಔಷಧಿಯ ಅಮಲಿನಲ್ಲಿ ಹೀಗೆಲ್ಲ ಮಾತಾಡುತ್ತಾರೆ. ಅವನ ನಿಜವಾದ ಆಸೆ ಏನೆಂದು ನನಗೆ ಗೊತ್ತು. ಮೂವತ್ತೇಳು ವರ್ಷದಿಂದ ಗೊತ್ತು.

ಡಿಸೆಂಬರ್ 25, ಬುಧವಾರ

ಚರ್ಚಿಗೆ ಒಂಬತ್ತು. ಕ್ಲೆಮ್ ಪುಡ್ಡಿಂಗ್ ತಿಂದ, ಬ್ರಾಂಡಿ ಕೇಳಿದ, ಕುಡಿದ. ಬ್ರಿಜೆಟ್‌ಳ ಕಲ್ಲಿಗೆ ಹಾಲಿ ಗಿಡದ ಮುಳ್ಳೆಲೆ ಇಟ್ಟು ಬಂದೆ.

ಜನವರಿ 3, 2014, ಶುಕ್ರವಾರ

ಇಲ್ಲಿ ಸತ್ತ ದಿನದಿಂದ ಮಣ್ಣಾಗುವವರೆಗೆ ಸಾಮಾನ್ಯವಾಗಿ ಹತ್ತು ದಿನ ಬೇಕು. ಡಾಕ್ಟರ ಕಾಗದ, ರಿಜಿಸ್ಟ್ರಾರ್, ಪೆಟ್ಟಿಗೆಯವರು, ಗುಂಡಿ. ರೆಗ್‌ಗೆ ಮಳೆಯಿಲ್ಲದ ಎರಡು ದಿನ ಬೇಕು, ಪಂಪು ಬೇಕು. ಫಿಲಿಪಾಗೆ ಬಿಡುವು ಇರುವುದು ಮಂಗಳವಾರ ಮತ್ತು ಗುರುವಾರ. ಕೊನೆಯ ಗುರುವಾರ 30.

ಹಾಗಾದರೆ 20.

ಜನವರಿ 10, ಶುಕ್ರವಾರ

ಡಾಕ್ಟರ್ ಮಂಗಳವಾರ ಬಂದು ನೋಡಿದ್ದರು. ಎದೆ ಸ್ವಚ್ಛ, ಬೆಚ್ಚಗೆ ಇರಿಸಿ ಎಂದಿದ್ದರು.

ಇವತ್ತು ನರ್ಸ್ ಲೊರೇನ್ ಬಂದಳು. ಮಂಗಳವಾರ ಮತ್ತು ಶುಕ್ರವಾರ ಅವಳ ಸರದಿ.

"ಅಯ್ಯೋ, ಈ ಕೋಣೆ ಯಾಕಮ್ಮ ಹೀಗೆ ಕೊರೀತಿದೆ?"

"ಕಿಟಕಿ ತೆಗೆದಿಟ್ಟಿದ್ದೆ. ಹಾಸಿಗೆ ಹಿಡಿದವರಿಗೆ ಗಾಳಿ ಬೇಕಲ್ಲ."

"ಗಾಳಿ ಏಪ್ರಿಲ್‌ನಲ್ಲಿ ಕೊಡಿ" ಎಂದು ಅವಳೇ ಕಿಟಕಿ ಮುಚ್ಚಿದಳು. ಕ್ಲೆಮ್ ನಕ್ಕ. "ಅವಳು ನನ್ನನ್ನ ಒಣಗೋಕೆ ಹಾಕಿದ್ದಾಳೆ ಲೊರೇನ್. ಮೀನಿನ ಥರ." ನಾವು ಮೂವರೂ ನಕ್ಕೆವು.

ಉಣ್ಣೆ ಹೊದಿಕೆಯನ್ನು ಒಗೆಯಲು ಹಾಕಿದ್ದೇನೆ. ಈ ಹವೆಯಲ್ಲಿ ಬೇಗ ಒಣಗುವುದಿಲ್ಲ.

ಜನವರಿ 12, ಭಾನುವಾರ

ಮೂರು. ಚರ್ಚಿಗೆ ಅಷ್ಟೇ ಜನ. ಕ್ಲೆಮ್‌ಗೆ ಸಣ್ಣ ಕೆಮ್ಮು. ಜ್ವರ ನೂರಾ ಒಂದು.

ಜನವರಿ 14, ಮಂಗಳವಾರ

ಲೊರೇನ್ ಹತ್ತು ಗಂಟೆಗೆ ಬಂದು ಎದೆಗೆ ಕೊಳವೆ ಇಟ್ಟು ಕೇಳಿದಳು. ಎಡಗಡೆ ಕೆಳಗೆ ಕಫ ಕಟ್ಟಿದೆ. ಇವತ್ತೇ ಡಾಕ್ಟರಿಗೆ ಹೇಳಿ, ಮಾತ್ರೆ ಶುರು ಮಾಡಿದರೆ ಮೂರೇ ದಿನದಲ್ಲಿ ತಿರುಗುತ್ತದೆ, ತಡ ಮಾಡಬೇಡಿ ಎಂದಳು. ತಾನೇ ಫೋನ್ ಮಾಡುತ್ತೇನೆ ಎಂದು ಕೈಚೀಲಕ್ಕೆ ಕೈ ಹಾಕಿದಳು. ನಿನಗೆ ಇನ್ನೂ ನಾಲ್ಕು ಮನೆ ಇದೆ, ನಾನು ಮಾಡುತ್ತೇನೆ ಎಂದೆ.

ಹತ್ತೂವರೆಗೆ ಫೋನ್ ಮಾಡಿದೆ. ಲೈನ್ ಸಿಗಲಿಲ್ಲ.

ಮಧ್ಯಾಹ್ನ ಹಾಳೆಯ ಶುದ್ಧಪ್ರತಿ ಮಾಡಿ ಮುಗಿಸಿದೆ. ಎಂಟು ಚರ್ಚು, ಒಂದು ಮಠದ ಗೋಡೆ, ಒಂದು ರೋಮನ್ ರಸ್ತೆ. ಮಣ್ಣಿನ ಸಾಲುಗಳನ್ನೆಲ್ಲ ತೆಗೆದಿದ್ದೇನೆ. ಕ್ಲೆಮ್ ಓದಿ ಹೇಳು ಎಂದ, ಓದಿದೆ. ಉಸಿರಿನ ಸದ್ದಿನಲ್ಲಿ ಎಷ್ಟು ಕೇಳಿಸಿತೋ ಗೊತ್ತಿಲ್ಲ. ತೀರ್ಪಿನ ಚಿತ್ರಕ್ಕೆ ಬಂದಾಗ ಬೆರಳೆತ್ತಿದ. "ಬಾಗಿಲ ಅಗಲ ಬರಿ. ಕುರ್ಚಿಯವರಿಗೆ ಬೇಕಾಗುತ್ತೆ." ಬರೆದೆ. ಮೂವತ್ತನಾಲ್ಕು ಅಂಗುಲ.

"ಡಾಕ್ಟರ್ ಯಾವಾಗ ಬರ್ತಾನೆ?" ಎಂದು ಕೇಳಿದ.

"ಬರ್ತಾರೆ."

ಜನವರಿ 15, ಬುಧವಾರ

ನೂರಾ ಮೂರು. ನೀರು ಮಾತ್ರ. ಎರಡು ಸಲ ಕೇಳಿದ.

ಜನವರಿ 17, ಶುಕ್ರವಾರ

ಬೆಳಿಗ್ಗೆ ಏಳೂ ಹತ್ತು. ಕೈ ಹಿಡಿದುಕೊಂಡಿದ್ದೆ. ಲೊರೇನ್ ಬರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಶುದ್ಧವಾದ ಅಂಗಿ ಹಾಕಿದ್ದೆ. ಡಾಕ್ಟರ್ ಹತ್ತೇ ದಿನದ ಹಿಂದೆ ನೋಡಿದ್ದರಿಂದ ಸಾವಿನ ಕಾಗದಕ್ಕೆ ತೊಂದರೆಯಾಗಲಿಲ್ಲ. ಹೃದಯ ಎಂದು ಬರೆದರು.

ಫಿಲಿಪಾಗೆ 28, ಮಂಗಳವಾರ ಆಗುತ್ತದೆ. ಅಂಗಳ ಮುಚ್ಚುವುದಕ್ಕೆ ಐದು ದಿನ ಮುಂಚೆ.

ಜನವರಿ 27, ಸೋಮವಾರ

ಹನ್ನೊಂದು ಗಂಟೆಗೆ ರೆಗ್ ಹಿಂಬಾಗಿಲು ತಟ್ಟಿದ. ಟೋಪಿ ಕೈಯಲ್ಲಿತ್ತು. ಬೂಟು ಬಿಚ್ಚಲಿಲ್ಲ, ಒಳಗೂ ಬರಲಿಲ್ಲ.

"ಒಂದು ಸಲ ಬಂದು ನೋಡ್ಬೇಕು ಮಿಸೆಸ್ ಓಡ್ಲಿಂಗ್."

ಜೊತೆಗೆ ನಡೆದೆ. ಬ್ರಿಜೆಟ್‌ಳ ಕಲ್ಲಿನ ಮುಂದೆ ಹುಲ್ಲನ್ನು ಚೌಕವಾಗಿ ಕತ್ತರಿಸಿ ಸುರುಳಿ ಮಾಡಿ ಇಟ್ಟಿದ್ದ. ತೋಡಿರಲಿಲ್ಲ. ಸರಳು ನೆಲದಲ್ಲಿ ನಿಂತಿತ್ತು, ಅರ್ಧಕ್ಕಿಂತ ಹೆಚ್ಚು ಹೊರಗಿತ್ತು.

"ನಾಲ್ಕೂವರೆ ಅಡಿ. ಅಷ್ಟಕ್ಕೇ ನಿಲ್ಲುತ್ತೆ. ಎಂಟು ಕಡೆ ನೋಡ್ದೆ."

"ಒಂಬತ್ತಡಿ ಇರಬೇಕು. ನಿನ್ನ ಅಪ್ಪ ಮೂವರ ಆಳ ತೋಡಿದ್ದ."

"ತೋಡಿದ ಮಣ್ಣು ಅಲ್ಲಿಗೇ ಮುಗಿಯುತ್ತೆ. ಕೆಳಗಡೆ ಯಾರೂ ಮುಟ್ಟಿಲ್ಲದ ಜೇಡಿ. ಮಗು ಅಲ್ಲೇ ಇದೆ ಅಮ್ಮಾ, ನಾಲ್ಕೂವರೆಗೆ. ಅದರ ಮೇಲೆ ದೊಡ್ಡ ಪೆಟ್ಟಿಗೆ ಇಡೋಕೆ ಕಾನೂನೂ ಬಿಡಲ್ಲ, ಜಾಗಾನೂ ಇಲ್ಲ."

ಅವನು ಟೋಪಿಯ ಅಂಚನ್ನು ತಿರುಗಿಸುತ್ತ ನಿಂತಿದ್ದ.

"ಆ ಬೇಸಗೇಲಿ ಜೇಡಿ ಇಟ್ಟಿಗೆ ಆಗಿತ್ತಂತೆ. ಗುದ್ದಲಿ ಹಿಡಿ ಎರಡು ಮುರೀತು ಅಂತ ಅಪ್ಪ ಹೇಳ್ತಿದ್ದ. ಎಷ್ಟು ಹೋದೆ ಅಂತ ಮಾತ್ರ ಹೇಳ್ಲಿಲ್ಲ. ನಿಮ್ಮ ಯಜಮಾನ್ರ ಮುಖ ನೋಡಿ ಆಗಲ್ಲ ಅನ್ನೋಕೆ ಬಾಯಿ ಬಂದಿರಲಿಕ್ಕಿಲ್ಲ."

ಕ್ಲೆಮ್ ನೀರನ್ನು ಅಳೆದಿದ್ದ. ನೀರಿನ ವಿಷಯದಲ್ಲಿ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನೀರು ಅಷ್ಟು ಕೆಳಗೆ ಹೋದರೆ ಜೇಡಿ ಏನಾಗುತ್ತದೆ ಎಂದು ಇಡೀ ಕಾಲುವೆ ಮಂಡಳಿಯಲ್ಲಿ ಯಾರೂ ಯೋಚಿಸಿರಲಿಲ್ಲ.

"ನೀವು ಅಕ್ಟೋಬರ್‌ನಲ್ಲೇ ಒಂದು ಮಾತು ಹೇಳಿದ್ರೆ ಐದು ನಿಮಿಷದ ಕೆಲಸ. ಏಳು ಊರಲ್ಲೂ ಚುಚ್ಚಿಸಿದ್ರಲ್ಲ."

"ನಮ್ಮದು ಗೊತ್ತಿತ್ತಲ್ಲ" ಎಂದೆ.

ಎರಡೂ ಪಕ್ಕದ ಗೋರಿಗಳಲ್ಲಿ ಬ್ಲಾಂಚರ್ಡ್ ಮನೆಯವರಿದ್ದಾರೆ. ನಮ್ಮ ಅಂಗಳದಲ್ಲಿ ಖಾಲಿ ಇರುವುದು ಪಶ್ಚಿಮದ ಬೇಲಿಯ ಹತ್ತಿರ ಮಾತ್ರ. ಅಲ್ಲಿ ತೋಡು ಎಂದೆ. ಸರಳು ಕೀಳಲು ಅವನಿಗೆ ಎರಡು ಕೈಯೂ ಬೇಕಾಯಿತು.

ಜನವರಿ 28, ಮಂಗಳವಾರ

ಇಪ್ಪತ್ತಾರು ಜನ. ಪಂಪು ಕೊನೆಯವರೆಗೆ ಓಡುತ್ತಿತ್ತು, ಫಿಲಿಪಾ ಸ್ವಲ್ಪ ಜೋರಾಗಿ ಓದಬೇಕಾಯಿತು. ಮಂಡಳಿಯ ಹುಡುಗರು ಪೆಟ್ಟಿಗೆ ಹೊತ್ತರು.

ಬ್ರಿಜೆಟ್‌ಳಿಂದ ಬೇಲಿಗೆ ಮೂವತ್ತೊಂದು ಹೆಜ್ಜೆ.

ಫೆಬ್ರವರಿ 2, ಭಾನುವಾರ

ಕೊನೆಯ ಪ್ರಾರ್ಥನೆ. ನಲವತ್ತಮೂರು. ಇಷ್ಟು ದಿನ ಎಲ್ಲಿದ್ದರೋ. ಒಬ್ಬ ಹೆಂಗಸು ಮೇಣದಬತ್ತಿ ಹಿಡಿದು ಫೋಟೋ ತೆಗೆಸಿಕೊಂಡಳು.

ಬಾಗಿಲ ಹತ್ತಿರ ಮಡಿಕೆ ಹಾಳೆಗಳನ್ನು ಇಟ್ಟಿದ್ದರು, ಎಲ್ಲ ಹೋದವು. ಅಚ್ಚು ಚೆನ್ನಾಗಿ ಬಂದಿದೆ. ನಮ್ಮ ಚರ್ಚನ್ನು ಕೊನೆಯ ಗಳಿಗೆಯಲ್ಲಿ ತೆಗೆದಿದ್ದಾರೆ, ಹಾಗಾಗಿ ಏಳು.

ಲೊರೇನ್ ಬಂದಿದ್ದಳು. ಜನ ಕರಗುವವರೆಗೆ ಕಾದು ನನ್ನ ಪಕ್ಕ ಕೂತಳು.

"ಕೇಳಬಾರದು ಅನ್ಕೊಂಡಿದ್ದೆ. ಆ ಮಂಗಳವಾರ ಡಾಕ್ಟರ್ ಬರ್ಲೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು."

"ಲೈನ್ ಸಿಗಲಿಲ್ಲ."

ನನ್ನ ಕೈ ಹಿಡಿದುಕೊಂಡಳು. "ನಾನೇ ಮಾಡ್ಬೇಕಿತ್ತು. ನಿಮ್ಮ ತಲೆ ಮೇಲೆ ಅಷ್ಟೊಂದು ಇರುವಾಗ ನಿಮಗೆ ಬಿಟ್ಟು ಹೋದೆ. ದಿನಾ ಅದೇ ಅನ್ಸುತ್ತೆ ನನಗೆ."

ಅವಳ ಕೈ ಬೆಚ್ಚಗಿತ್ತು. ನಿನ್ನ ತಪ್ಪಲ್ಲ ಎಂದು ಹೇಳಬಹುದಿತ್ತು. ಎದ್ದು ಮೇಣದಬತ್ತಿಗಳನ್ನು ಆರಿಸಿದೆ.

ಫೆಬ್ರವರಿ 11, ಮಂಗಳವಾರ

ಒಂಬತ್ತು ದಿನದಿಂದ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಹತ್ತೂವರೆಗೆ ಡಾಕ್ಟರ ಕಚೇರಿಗೆ ಫೋನ್ ಮಾಡಿದೆ. ಜನವರಿ 14ರ ಹಾಗೆಯೇ ಎರಡನೇ ರಿಂಗಿಗೆ ಎತ್ತಿದರು. ಅದೇ ಹುಡುಗಿಯ ದನಿ.

"ಹೇಳಿ, ಯಾರಿಗೆ ಹುಷಾರಿಲ್ಲ?"

"ನನ್ನ ಯಜಮಾನರಿಗೆ. ಮೂರು ದಿನದಿಂದ ಜ್ವರ. ಎಡಗಡೆ ಕೆಳಗೆ ಕಫ ಕಟ್ಟಿದೆ ಅಂತ ನರ್ಸ್ ಹೇಳಿದ್ದಾರೆ. ಮಾತ್ರೆ ಬೇಕು."

"ಡಾಕ್ಟರ್ ಹನ್ನೆರಡರೊಳಗೆ ಬರ್ತಾರೆ, ಗಾಬರಿಯಾ‌ಗ್ಬೇಡಿ. ಹೆಸರು, ಹುಟ್ಟಿದ ತಾರೀಕು ಹೇಳಿ."

ಕ್ಲೆಮೆಂಟ್ ಓಡ್ಲಿಂಗ್ ಎಂದೆ. 1938, ಮಾರ್ಚ್ 9 ಎಂದೆ.

ಅವಳು ಟೈಪ್ ಮಾಡುವುದು ಕೇಳಿಸಿತು. ಆಮೇಲೆ ನಿಂತಿತು. ಅವಳು ಏನಾದರೂ ಹೇಳಲಿ ಎಂದು ಕಾದೆ. ಈ ಸಲ ನಾನು ಫೋನ್ ಇಡಲಿಲ್ಲ.